ಮುಡಿ ಕಟ್ಟಿದವರು

ಮುಡಿ ಎಂದರೆ ಘಟ್ಟದ ಮೇಲಿನವರಿಗೆ ತಲೆಗೂದಲು. ಮುಡಿಗೆ ಮಲ್ಲಿಗೆ, ದೇವರಿಗೆ ಮುಡಿ ಎಂಬ ಮಾತುಗಳು ನಮಗೂ ಗೊತ್ತಿಲ್ಲದ್ದಲ್ಲ. ಆದರೆ ನಮ್ಮ ಕುಂದಾಪುರದ ಕಡೆಯಲ್ಲಿ ಐವತ್ತು ದಾಟಿದ ಯಾರನ್ನೇ ಕೇಳಿದರೂ ಮೊದಲು ನೆನಪಿಗೆ ಬರುವುದು ಅಕ್ಕಿ ಮುಡಿ. ಗೋಣಿಚೀಲ ಊರೂರಿಗೂ ಬರುವ ಮೊದಲು ನಮ್ಮವರು ಅಕ್ಕಿಯನ್ನು ಬೈಹುಲ್ಲಿನಲ್ಲಿ ಕಟ್ಟಿ ಇಡುತ್ತಿದ್ದರು. ಮಳೆಗಾಲದ ನಾಲ್ಕು ತಿಂಗಳು ಹೊರಗೆ ಎಷ್ಟೇ ತಂಡಿ ಇರಲಿ, ಮುಡಿಯೊಳಗಿನ ಅಕ್ಕಿ ಬೆಚ್ಚಗೆ ಇರುತ್ತಿತ್ತು.

ಮುಡಿ ಕಟ್ಟುವುದು ಎಲ್ಲರಿಗೂ ಒಲಿಯುವ ಕೆಲಸವಾಗಿರಲಿಲ್ಲ. ಒಳ್ಳೆಯ ಉದ್ದ ಹುಲ್ಲನ್ನು ಆರಿಸಬೇಕು. ಹುಲ್ಲಿನ ಹಗ್ಗ ಹೊಸೆಯಬೇಕು. ಅಂಗಳದಲ್ಲಿ ಹುಲ್ಲನ್ನು ಸುತ್ತಲೂ ಹರಡಿ, ಗೇರಿ ಆರಿಸಿದ ಅಕ್ಕಿಯನ್ನು ಅಳೆದು ನಡುವೆ ಸುರಿದು, ನಾಲ್ಕೂ ಕಡೆಯಿಂದ ಹುಲ್ಲನ್ನು ಮೇಲೆತ್ತಿ ಬಿಗಿಯಬೇಕು. ಮರದ ಕೊಡತಿಯಿಂದ ಬಡಿದು ಬಡಿದು ಗುಂಡಗೆ ಮಾಡಬೇಕು. ಕಟ್ಟಿದ ಮೇಲೆ ಎತ್ತಿ ಹಾಕಿದರೂ ಒಂದು ಕಾಳು ಹೊರಗೆ ಬೀಳಬಾರದು. ಅಕ್ಕಿ ಗೇರುವುದು, ಕಲ್ಲು ಆರಿಸುವುದು ಹೆಂಗಸರ ಪಾಲು, ಕಟ್ಟುವುದು ಗಂಡಸರ ಪಾಲು. ಅಕ್ಕಿ ಬೆಳೆದವನ ಹೆಸರು, ಹೊಲದ ಹೆಸರು ಎಲ್ಲರಿಗೂ ಗೊತ್ತಿರುತ್ತಿತ್ತು. ಕಟ್ಟಿದವನ ಹೆಸರನ್ನು ಯಾರೂ ಕೇಳುತ್ತಿರಲಿಲ್ಲ. ಮುಡಿ ಬಿಚ್ಚಿದಾಗ ಅಕ್ಕಿಗೆ ಹುಳ ಹಿಡಿದಿದ್ದರೆ ಮಾತ್ರ "ಇದನ್ನು ಕಟ್ಟಿದ್ದು ಯಾರು?" ಎಂಬ ಪ್ರಶ್ನೆ ಬರುತ್ತಿತ್ತು.

1974ರ ಭೂಸುಧಾರಣೆಯ ತನಕ ಗೇಣಿಯ ಲೆಕ್ಕವೆಲ್ಲ ಮುಡಿಯಲ್ಲೇ ನಡೆಯುತ್ತಿತ್ತು. ಇನ್ನೂ ಹಿಂದಕ್ಕೆ ಹೋದರೆ ನಮ್ಮ ಅಕ್ಕಿ ಸಮುದ್ರ ದಾಟಿದ ಕತೆಯೂ ಉಂಟು. ನಮ್ಮ ಕೋಡಿ ಎಂದರೆ ಒಂದು ಕಡೆ ಕಡಲು, ಇನ್ನೊಂದು ಕಡೆ ಪಂಚಗಂಗಾವಳಿಯ ಹಿನ್ನೀರು, ಅಳಿವೆಯ ಆಚೆ ದಡದಲ್ಲಿ ಗಂಗೊಳ್ಳಿ. ಇದೇ ನೀರಿನ ದಾರಿಯಲ್ಲಿ ಒಳಗೆ ಹೋದರೆ ಸಿಗುವ ಬಸ್ರೂರು ಒಂದು ಕಾಲದಲ್ಲಿ ದೊಡ್ಡ ಬಂದರು. ಅಲ್ಲಿಯ ಅಕ್ಕಿಗಾಗಿ 16ನೇ ಶತಮಾನದಲ್ಲಿ ಪೋರ್ಚುಗೀಸರು ಬಂದರು. 1665ರಲ್ಲಿ ಶಿವಾಜಿ ಹಡಗುಗಳ ಸಮೇತ ಬಂದು ಬಸ್ರೂರನ್ನು ದೋಚಿಕೊಂಡು ಹೋದ. ಇವನ್ನೆಲ್ಲ ನಾನು ಮಕ್ಕಳಿಗೆ ಪಾಠ ಮಾಡುತ್ತೇನೆ. ಬೆಳೆಯುವುದು ಒಂದು, ಬೆಳೆದದ್ದು ಕೆಡದಂತೆ ಕಟ್ಟಿ ಬೇಕಾದವರ ಬಾಗಿಲಿಗೆ ತಲುಪಿಸುವುದು ಇನ್ನೊಂದು ಎಂದೂ ಹೇಳುತ್ತೇನೆ. ಬಸ್ರೂರು ಹೆಸರು ಮಾಡಿದ್ದು ಎರಡೂ ಗೊತ್ತಿದ್ದುದರಿಂದ.

ಇಷ್ಟು ಪೀಠಿಕೆ ಯಾಕೆಂದರೆ, ನಾನು ಹೇಳಹೊರಟಿರುವುದು ಕಂಪ್ಯೂಟರಿನ ವಿಷಯ. ಕಂಪ್ಯೂಟರ್ ಎಂದ ಕೂಡಲೇ ಪುಟ ತಿರುಗಿಸಬೇಡಿ. ನಾನೂ ಬಿ.ಎ., ಬಿ.ಎಡ್. ಓದಿ ಸಮಾಜ ಪಾಠ ಮಾಡುವವಳೇ. ನನಗೆ ಅರ್ಥವಾದಷ್ಟನ್ನು, ಅರ್ಥವಾದ ಹಾಗೆ ಹೇಳುತ್ತೇನೆ.

ಕನ್ನಡ ಅಚ್ಚಿನ ಚರಿತ್ರೆಯನ್ನು ನಾವು ಕರಾವಳಿಯವರು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. 1841ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರ ಕಲ್ಲಚ್ಚಿನ ಮುದ್ರಣಾಲಯ ಶುರುವಾಯಿತು. 1843ರಲ್ಲಿ ಅಲ್ಲಿಂದ 'ಮಂಗಳೂರ ಸಮಾಚಾರ' ಹೊರಬಂತು. 1894ರಲ್ಲಿ ಕಿಟೆಲ್ಲರ ನಿಘಂಟು ಅಚ್ಚಾಯಿತು. ಇದು ಕನ್ನಡ ಅಕ್ಷರ ಕಾಗದಕ್ಕೆ ಇಳಿದ ಕತೆ. ಅದೇ ಅಕ್ಷರ ಗಾಜಿನ ಪರದೆಗೆ ಬಂದದ್ದು ನಮ್ಮ ಕಣ್ಣೆದುರಿಗೇ ನಡೆದ ಚರಿತ್ರೆ. ಆದರೂ ಅದು ನಮಗೆ ಸರಿಯಾಗಿ ಗೊತ್ತಿಲ್ಲ. "ಟೀಚರ್, ಕಂಪ್ಯೂಟರಿನೊಳಗೆ ಕನ್ನಡವನ್ನು ಹಾಕಿದ್ದು ಯಾರು?" ಎಂದು ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕೇಳಿದಾಗ ಉತ್ತರ ಹುಡುಕಲು ಹೊರಟೆ. ಉತ್ತರ ಒಂದು ಹೆಸರಿನಲ್ಲಿ ಮುಗಿಯುವಂಥದ್ದಲ್ಲ ಎಂದು ಆಮೇಲೆ ತಿಳಿಯಿತು.

ಮೊದಲು ಹೇಳಬೇಕಾದ ಹೆಸರು ನಮ್ಮ ಜಿಲ್ಲೆಗಳ ಕಡೆಯದೇ. ಮಂಗಳೂರಿನ ಹತ್ತಿರದ ಕಿನ್ನಿಕಂಬಳದಲ್ಲಿ ಹುಟ್ಟಿ, ಮುಂಬಯಿಯಲ್ಲಿ ದುಡಿದು, ಮಣಿಪಾಲದಲ್ಲಿ ನೆಲೆಸಿದ ಕೆ.ಪಿ. ರಾವ್ ಅವರು. ಇಂಗ್ಲಿಷ್ ಕೀಲಿಮಣೆಯ ಅಷ್ಟೇ ಗುಂಡಿಗಳಲ್ಲಿ ಕನ್ನಡದ ಇಡೀ ಕಾಗುಣಿತ, ಒತ್ತಕ್ಷರಗಳು ಮೂಡುವಂತೆ ಅವರೊಂದು ವಿನ್ಯಾಸ ಮಾಡಿದರು. ಕಿವಿಗೆ ಕೇಳಿದಂತೆ ಬೆರಳು ಒತ್ತಿದರಾಯಿತು. ಅದನ್ನು ತನ್ನ ಸೊತ್ತೆಂದು ಬೀಗ ಹಾಕಿ ಇಟ್ಟುಕೊಂಡಿದ್ದರೆ ದುಡ್ಡು ಮಾಡಬಹುದಿತ್ತು. ಅವರು ಹಾಗೆ ಮಾಡಲಿಲ್ಲ, ಯಾರು ಬೇಕಾದರೂ ಬಳಸಿಕೊಳ್ಳಿ ಎಂದು ಬಿಟ್ಟುಕೊಟ್ಟರು. ಮುಂದೆ ಕರ್ನಾಟಕ ಸರಕಾರ ಒಪ್ಪಿಕೊಂಡ ಕೀಲಿಮಣೆ ಅದರ ಆಧಾರದ ಮೇಲೆಯೇ ನಿಂತಿದೆ. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು. ನಮ್ಮ ಪೇಟೆಗಳ ಡಿ.ಟಿ.ಪಿ. ಅಂಗಡಿಗಳಲ್ಲಿ ಮದುವೆ ಕಾಗದದಿಂದ ಹಿಡಿದು ಕರಪತ್ರದ ತನಕ ಕನ್ನಡ ಮೂಡಿದ್ದು ಇಂಥ ತಂತ್ರಾಂಶಗಳಿಂದ. ಈ ಉಪಕಾರವನ್ನು ಮರೆಯುವಂತಿಲ್ಲ.

ಆದರೆ ಆ ಕಾಲದ ಅಕ್ಷರಗಳಿಗೆ ಒಂದು ತೊಡಕಿತ್ತು. ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಅಂಕಿ ಮಾತ್ರ ಗೊತ್ತು. ಪ್ರತಿ ಅಕ್ಷರಕ್ಕೂ ಒಂದು ಅಂಕಿ. ಆಗಿನ ತಂತ್ರಾಂಶಗಳಲ್ಲಿ ಕನ್ನಡಕ್ಕೆ ಸ್ವಂತ ಮನೆ ಇರಲಿಲ್ಲ. ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ತಲೆಕಟ್ಟು, ಒತ್ತು, ಕೊಂಬುಗಳನ್ನು ಬಾಡಿಗೆಗೆ ಕೂರಿಸಿದ್ದರು. ಒಬ್ಬೊಬ್ಬರು ಒಂದೊಂದು ರೀತಿ ಕೂರಿಸಿದ್ದರಿಂದ, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ಓದಲು ಬರುತ್ತಿರಲಿಲ್ಲ. 1991ರಲ್ಲಿ ಯೂನಿಕೋಡ್ ಎಂಬ ವ್ಯವಸ್ಥೆ ಬಂತು. ಅದರಲ್ಲಿ ಜಗತ್ತಿನ ಭಾಷೆಗಳಿಗೆ ಬೇರೆ ಬೇರೆ ಮನೆಗಳು. ಕನ್ನಡಕ್ಕೂ 128 ಕೋಣೆಗಳ ಒಂದು ಮನೆ ಸಿಕ್ಕಿತು. ಮನೆ ಸಿಕ್ಕಿದ್ದೇನೋ ಹೌದು, ಆದರೆ ಅಲ್ಲಿ ಸಂಸಾರ ಹೂಡಲು ಹಲವು ವರ್ಷ ಬೇಕಾಯಿತು.

ಯಾಕೆಂದರೆ ಕನ್ನಡ ಅಕ್ಷರಗಳು ಇಂಗ್ಲಿಷಿನ ಹಾಗೆ ಸಾಲಾಗಿ ಕೂರುವುದಿಲ್ಲ. ಒಂದರ ಕೆಳಗೆ ಒಂದು ಸೇರುತ್ತವೆ. ನಮ್ಮ 'ಸ್ತ್ರೀ' ಎಂಬ ಪದವನ್ನೇ ನೋಡಿ. ಕಣ್ಣಿಗೆ ಒಂದೇ ಅಕ್ಷರ. ಕಂಪ್ಯೂಟರಿನೊಳಗೆ ಅದು ಆರು ತುಂಡು: ಸಕಾರ, ಅದರ ಅರ್ಧವನ್ನು ಹೇಳುವ ಚಿಹ್ನೆ, ತಕಾರ, ಮತ್ತೆ ಅದೇ ಚಿಹ್ನೆ, ರಕಾರ, ಕೊನೆಗೆ ದೀರ್ಘ. ಈ ಆರನ್ನೂ ಒಟ್ಟು ಸೇರಿಸಿ ಒಂದು ರೂಪ ಕೊಡುವ ನಿಯಮಗಳು ಅಕ್ಷರವಿನ್ಯಾಸದ ಕಡತದಲ್ಲಿ, ಎಂದರೆ ಫಾಂಟಿನಲ್ಲಿ, ಇರಬೇಕು. ಆ ನಿಯಮ ಇಲ್ಲದಿದ್ದರೆ, ತಪ್ಪಿದ್ದರೆ, ಸ್ತ್ರೀ ಚೂರುಚೂರಾಗಿ ಪರದೆಯ ಮೇಲೆ ಬೀಳುತ್ತಾಳೆ. ಹೀಗೆ ಬಿದ್ದದ್ದನ್ನು ನಾನೇ ಕಂಡಿದ್ದೇನೆ. ನಕ್ಕೂ ಇದ್ದೇನೆ.

ಫಾಂಟು ತಪ್ಪಿದರೆ ಸರಿಪಡಿಸುವವರು ಯಾರು? ಅದು ಒಂದು ಕಂಪನಿಯ ಸೊತ್ತಾದರೆ ಕಂಪನಿ ಮನಸ್ಸು ಮಾಡುವ ತನಕ ಕಾಯಬೇಕು. ಕಂಪನಿ ಮುಚ್ಚಿದರೆ ಕಾಯುವುದೂ ವ್ಯರ್ಥ. ಅಂಗಡಿಯ ಮಸಾಲೆ ಪುಡಿಯ ಪೊಟ್ಟಣದಂತೆ ಅದು. ಖಾರ ಹೆಚ್ಚಾಯಿತೆಂದರೆ ನೀವು ಮಾಡುವಂಥದ್ದು ಏನೂ ಇಲ್ಲ, ಎಷ್ಟು ಕೊತ್ತಂಬರಿ, ಎಷ್ಟು ಮೆಣಸು ಎಂದು ಅವರು ಹೇಳಿಲ್ಲ. 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಎಂಬುವರು, ತಂತ್ರಾಂಶವನ್ನು ಅಳತೆಯ ಪಟ್ಟಿಯ ಸಮೇತ ಕೊಡಬೇಕು, ಪಡೆದವರು ತಿದ್ದಬಹುದು, ತಿದ್ದಿದ್ದನ್ನು ಇನ್ನೊಬ್ಬರಿಗೆ ಕೊಡಬಹುದು ಎಂಬ ಹಟದಿಂದ 'ಗ್ನೂ' ಎಂಬ ಕೆಲಸ ಶುರುಮಾಡಿದರು. 1991ರಲ್ಲಿ ಫಿನ್ಲೆಂಡಿನ ಲಿನಸ್ ಟೋರ್ವಾಲ್ಡ್ಸ್ ಎಂಬ 21 ವರ್ಷದ ವಿದ್ಯಾರ್ಥಿ ಕಂಪ್ಯೂಟರನ್ನು ನಡೆಸುವ ಒಳತಿರುಳನ್ನು ಬರೆದ. ಅದೇ ಲಿನಕ್ಸ್. ಇಂಥ ತಂತ್ರಾಂಶಕ್ಕೆ ಇಂಗ್ಲಿಷಿನಲ್ಲಿ 'ಫ್ರೀ' ಎಂದರೆ ಪುಕ್ಕಟೆಯೋ ಸ್ವತಂತ್ರವೋ ಎಂಬ ಗೊಂದಲ. 1998ರ ಫೆಬ್ರವರಿಯಲ್ಲಿ ಕ್ರಿಸ್ಟೀನ್ ಪೀಟರ್ಸನ್ ಎಂಬ ಮಹಿಳೆ 'ಓಪನ್ ಸೋರ್ಸ್' ಎಂಬ ಹೆಸರನ್ನು ಸೂಚಿಸಿದರು. ಇವತ್ತು ಜಗತ್ತೆಲ್ಲ ಹೇಳುವ ಆ ಹೆಸರು ಒಬ್ಬ ಹೆಣ್ಣುಮಗಳು ಇಟ್ಟದ್ದು ಎಂಬುದು ಎಷ್ಟು ಮಂದಿಗೆ ಗೊತ್ತು? ಕನ್ನಡಕ್ಕೆ ಆ ಗೊಂದಲವೇ ಇಲ್ಲ. ಉಚಿತ ಬೇರೆ, ಮುಕ್ತ ಬೇರೆ.

ಈಗ ನೋಡಿ, ಅಕ್ಕಿ ಬೆಳೆದಾಯಿತು. ಮುಡಿ ಕಟ್ಟುವವರು ಬೇಕಲ್ಲ! ಒಬ್ಬ ಫಿನ್ಲೆಂಡಿನಲ್ಲಿ ಬರೆಯುತ್ತಾನೆ, ಇನ್ನೊಬ್ಬ ಜಪಾನಿನಲ್ಲಿ, ಮತ್ತೊಬ್ಬಳು ಬ್ರೆಜಿಲಿನಲ್ಲಿ. ಒಂದೊಂದು ತುಂಡು ಒಂದೊಂದು ಕಡೆ. ನಿಮ್ಮ ನನ್ನಂಥವರು ಅವನ್ನೆಲ್ಲ ಹೆಕ್ಕಿ ತಂದು ಜೋಡಿಸಿಕೊಳ್ಳುವುದು ಸಾಧ್ಯವೇ? 1993ರ ಆಗಸ್ಟ್ 16ರಂದು ಇಯಾನ್ ಮರ್ಡಾಕ್ ಎಂಬ ಅಮೆರಿಕದ ವಿದ್ಯಾರ್ಥಿ ಈ ಕೆಲಸಕ್ಕೆ ಕೈಹಾಕಿದ. ತನ್ನ ಗೆಳತಿ ಡೆಬ್ರಾಳ ಹೆಸರನ್ನೂ ತನ್ನ ಹೆಸರನ್ನೂ ಸೇರಿಸಿ 'ಡೆಬಿಯನ್' ಎಂದು ಕರೆದ. ಮುಂದೆ ಅವರು ಮದುವೆಯಾದರು, ಆಮೇಲೆ ಬೇರೆಯೂ ಆದರು. ಇಯಾನ್ 2015ರಲ್ಲಿ ತೀರಿಕೊಂಡ. ಹೆಸರು ಉಳಿದಿದೆ, ಕೆಲಸವೂ ನಡೆಯುತ್ತಿದೆ. 1996ರಲ್ಲಿ ಹೊರಬಂದ ಡೆಬಿಯನ್ನಿನ ಮೊದಲ ದೊಡ್ಡ ಆವೃತ್ತಿಯಲ್ಲಿ 474 ಪೊಟ್ಟಣಗಳಿದ್ದವು. 2023ರ ಜೂನಿನಲ್ಲಿ ಬಂದ ಆವೃತ್ತಿಯಲ್ಲಿ 64 ಸಾವಿರಕ್ಕೂ ಹೆಚ್ಚು. ಕಟ್ಟುವವರಲ್ಲಿ ಹೆಚ್ಚಿನವರಿಗೆ ಇದಕ್ಕಾಗಿ ಸಂಬಳ ಇಲ್ಲ.

ನಮ್ಮ ದೇಶಕ್ಕೆ ಈ ಮುಡಿಗಳು ಬಂದ ಬಗೆಯೂ ಸ್ವಾರಸ್ಯದ್ದು. ಭಾರತದಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು. ಅದೂ ಟೆಲಿಫೋನ್ ತಂತಿಯಲ್ಲಿ ತೊಟ್ಟಿಕ್ಕಿದಂತೆ. ಇಷ್ಟು ದೊಡ್ಡ ಸಾಮಾನು ಅದರಲ್ಲಿ ಇಳಿಯುವಂತಿರಲಿಲ್ಲ. 1996ರಲ್ಲಿ 'ಪಿಸಿ ಕ್ವೆಸ್ಟ್' ಎಂಬ ಇಂಗ್ಲಿಷ್ ಮಾಸಪತ್ರಿಕೆ ತನ್ನ ಸಂಚಿಕೆಯ ಜೊತೆಗೆ ಸಿ.ಡಿ.ಯಲ್ಲಿ ಲಿನಕ್ಸನ್ನು ಹಂಚತೊಡಗಿತು. ಇದರ ಹಿಂದೆ ಇದ್ದವರು ಬೆಂಗಳೂರಿನ ಅತುಲ್ ಚಿಟ್ನಿಸ್. ಅವರು 2013ರಲ್ಲಿ ತೀರಿಕೊಂಡರು. ಪತ್ರಿಕೆಯೊಂದಿಗೆ ಬಂದ ಸಿ.ಡಿ.ಯನ್ನು ಒಬ್ಬರಿಂದ ಒಬ್ಬರು ಕೈಗಡ ಒಯ್ದು ಎಷ್ಟೋ ಹುಡುಗರು ಕಲಿತರು. 2004ರಲ್ಲಿ ಡೆಬಿಯನ್ನನ್ನೇ ಆಧರಿಸಿ 'ಉಬುಂಟು' ಬಂತು. ಅವರಂತೂ ಕೇಳಿದವರಿಗೆಲ್ಲ ಅಂಚೆಯಲ್ಲಿ ಪುಕ್ಕಟೆ ಸಿ.ಡಿ. ಕಳುಹಿಸುತ್ತಿದ್ದರು. ಈ ದಾನ 2011ರ ತನಕ ನಡೆಯಿತು.

ಅಂಥ ಒಂದು ಸಿ.ಡಿ. ನಮ್ಮ ಮನೆಗೂ ಬಂದಿತ್ತು. ಎಂಜಿನಿಯರಿಂಗ್ ಓದುತ್ತಿದ್ದ ಅಕ್ಕನ ಮಗ ತರಿಸಿದ್ದು. "ಚಿಕ್ಕಿ, ಇದ್ ಪುಕ್ಕಟೆ. ಬೇಕಾರೆ ನಿಮ್ ಶಾಲೆಗೂ ಹಾಕ್ಲಕ್" ಎಂದ. ವಿಳಾಸ ಬರೆದ ಲಕೋಟೆ ಸಮುದ್ರ ದಾಟಿ ಬಂದಿತ್ತು. ಬಸ್ರೂರಿನ ಅಕ್ಕಿ ಹೋದ ದಾರಿಯಲ್ಲೇ ಇದು ಹಿಂದಕ್ಕೆ ಬಂದಂತಿದೆ ಎಂದು ನಾನು ನಗೆಯಾಡಿದೆ. ಅವನಿಗೆ ಅರ್ಥವಾಗಲಿಲ್ಲ.

ನನಗೆ ಇದು ನಿಜವಾಗಿ ತಾಗಿದ್ದು ಆಮೇಲೆ. 2011ರಿಂದ ಕರ್ನಾಟಕದ ಸರಕಾರಿ ಪ್ರೌಢಶಾಲೆಗಳ ಶಿಕ್ಷಕರಿಗೆ 'ವಿಷಯ ಶಿಕ್ಷಕರ ವೇದಿಕೆ' ಎಂಬ ತರಬೇತಿ ನಡೆಯಿತು. ಶಿಕ್ಷಣ ಇಲಾಖೆಯ ಜೊತೆಗೆ ಬೆಂಗಳೂರಿನ 'ಐಟಿ ಫಾರ್ ಚೇಂಜ್' ಸಂಸ್ಥೆ ನಡೆಸಿದ್ದು. ಅಲ್ಲಿಯ ಕಂಪ್ಯೂಟರುಗಳಲ್ಲಿ ಇದ್ದದ್ದು ಉಬುಂಟು. ಮೊದಲ ದಿನ ನಾವೆಲ್ಲ ಮೌಸನ್ನು ಹಿಡಿದುಕೊಂಡು ಕೂತಿದ್ದೆವು, ಅದು ಓಡಿಹೋಗದಿರಲಿ ಎಂಬಂತೆ. ಹಿರಿಯ ಶಿಕ್ಷಕಿಯೊಬ್ಬರು ಎದ್ದು ನಿಂತು, "ಪುಕ್ಕಟೆ ಕೊಡುವ ಸಾಮಾನು ಬಾಳಿಕೆ ಬರುತ್ತದೆಯೇ ಸರ್?" ಎಂದು ಕೇಳಿದರು. ಎಲ್ಲರೂ ನಕ್ಕರು. ನನಗೆ ಮಾತ್ರ ಆ ಪ್ರಶ್ನೆಯೇ ಸರಿಯಾದ ಪ್ರಶ್ನೆ ಅನ್ನಿಸಿತು. ದುಡ್ಡು ಕೊಟ್ಟು ತಂದದ್ದಾದರೆ ಅಂಗಡಿಯವನನ್ನು ಹೋಗಿ ಕೇಳಬಹುದು. ಇದಕ್ಕೆ ಯಾರನ್ನು ಕೇಳುವುದು?

ಅದರ ಉತ್ತರ ಪೊಟ್ಟಣ ಕಟ್ಟುವ ವಿಧಾನದಲ್ಲೇ ಇದೆ. ಡೆಬಿಯನ್ನಿನಲ್ಲಿ ಒಂದು ಪೊಟ್ಟಣ ಕಟ್ಟುವವರು ಮೊದಲು ಮೂಲ ಬರೆದವರ ಕಡತಗಳನ್ನು ತರುತ್ತಾರೆ. ಆಮೇಲೆ ಗೇರುವ ಕೆಲಸ. ಒಂದೊಂದು ಕಡತದ ಹಕ್ಕು ಯಾರದು, ಅವರು ಹಂಚಲು ಅನುಮತಿ ಕೊಟ್ಟಿದ್ದಾರೆಯೇ ಎಂದು ನೋಡಿ ಬರೆಯಬೇಕು. ಅನುಮತಿ ಸ್ಪಷ್ಟವಿಲ್ಲದ ಒಂದು ತುಂಡು ಇದ್ದರೂ ಕಲ್ಲು ಆರಿಸಿದಂತೆ ತೆಗೆಯಬೇಕು. 1997ರ ಜುಲೈಯಲ್ಲಿ ಅವರೆಲ್ಲ ಸೇರಿ ಒಪ್ಪಿಕೊಂಡ ಒಂದು ಕರಾರು ಇದೆ. ಅದರಂತೆ ಮುಕ್ತವಲ್ಲದ್ದು ಅವರ ಮುಖ್ಯ ಕಣಜದೊಳಗೆ ಬರುವಂತಿಲ್ಲ. ಮುಂದಿನದು ಹಗ್ಗ. ಈ ತಂತ್ರಾಂಶ ನಡೆಯಬೇಕಾದರೆ ಇನ್ನು ಯಾವ ಯಾವ ಪೊಟ್ಟಣ ಬೇಕು ಎಂಬ ಪಟ್ಟಿ. ನೀವು ಒಂದನ್ನು ಕೇಳಿದರೆ ಅದಕ್ಕೆ ಬೇಕಾದ ಹತ್ತೂ ತಾವಾಗಿ ಬರುತ್ತವೆ. ಮದುವೆ ಮನೆಗೆ ಅಡಿಗೆಯವರು ಕೊಡುವ ಸಾಮಾನಿನ ಚೀಟಿಯಂತೆ, ಒಂದು ಬಿಟ್ಟುಹೋದರೂ ಒಲೆ ಹೊತ್ತುವುದಿಲ್ಲ.

ಕೊನೆಗೆ ಸಹಿ. ಕಟ್ಟಿದವರು ತಮ್ಮ ಗುಪ್ತ ಕೀಲಿಯಿಂದ ಪೊಟ್ಟಣಕ್ಕೆ ಮುದ್ರೆ ಹಾಕಬೇಕು. ಆ ಕೀಲಿ ಅವರದೇ ಎಂದು ನಂಬುವುದು ಹೇಗೆ? ಇದು ನನಗೆ ಬಹಳ ಹಿಡಿಸಿದ ಸಂಗತಿ. ಅವರು ಮುಖತಃ ಭೇಟಿಯಾಗುತ್ತಾರೆ. ಗುರುತಿನ ಚೀಟಿ ತೋರಿಸಿ, ಮುಖ ನೋಡಿ, ಒಬ್ಬರ ಕೀಲಿಗೆ ಇನ್ನೊಬ್ಬರು ಸಾಕ್ಷಿ ಹಾಕುತ್ತಾರೆ. ಇಷ್ಟೆಲ್ಲ ಯಂತ್ರ ಇದ್ದರೂ ಕೊನೆಯ ನಂಬಿಕೆ ಮನುಷ್ಯರ ಮುಖ ನೋಡಿಯೇ ಹುಟ್ಟಬೇಕು. 2023ರ ಸೆಪ್ಟೆಂಬರಿನಲ್ಲಿ ಡೆಬಿಯನ್ನಿನ ಜಾಗತಿಕ ಸಮ್ಮೇಳನ ಭಾರತದಲ್ಲೇ, ನಮ್ಮ ಇದೇ ಪಡುವಣ ಕರಾವಳಿಯ ಕೊಚ್ಚಿಯಲ್ಲಿ ನಡೆಯಿತು.

ಕಟ್ಟಿದ ಪೊಟ್ಟಣ ಕೂಡಲೇ ನಮ್ಮ ಕೈಗೆ ಬರುವುದಿಲ್ಲ. ಮೊದಲು 'ಸಿಡ್' ಎಂಬ ಅಂಗಳಕ್ಕೆ ಬೀಳುತ್ತದೆ. ಡೆಬಿಯನ್ನಿನ ಆವೃತ್ತಿಗಳಿಗೆಲ್ಲ 'ಟಾಯ್ ಸ್ಟೋರಿ' ಎಂಬ ಮಕ್ಕಳ ಚಿತ್ರದ ಪಾತ್ರಗಳ ಹೆಸರು. ಸಿಡ್ ಅದರಲ್ಲಿ ಆಟಿಕೆ ಮುರಿಯುವ ನೆರೆಮನೆಯ ಹುಡುಗ. ಅಲ್ಲಿ ಮುರಿಯದೆ ಉಳಿದದ್ದು ಪರೀಕ್ಷೆಯ ಅಂಗಳಕ್ಕೆ, ಅಲ್ಲಿಯೂ ಪಾಸಾದದ್ದು ಕೊನೆಗೆ ಸ್ಥಿರ ಆವೃತ್ತಿಗೆ. ಪ್ರತಿ ಪೊಟ್ಟಣದೊಳಗೂ ಒಂದು ದಿನಚರಿ ಇರುತ್ತದೆ. ಯಾವ ದಿನ, ಏನನ್ನು ತಿದ್ದಿದ್ದು, ತಿದ್ದಿದವರು ಯಾರು ಎಂದು ಹೆಸರು ಸಹಿತ. ಆ ಹಿರಿಯ ಶಿಕ್ಷಕಿಯ ಪ್ರಶ್ನೆಗೆ ಇದೇ ಉತ್ತರ. ಕೇಳಲು ಅಂಗಡಿಯಿಲ್ಲ, ಆದರೆ ಕಟ್ಟಿದವರ ಹೆಸರು ಒಳಗೇ ಬರೆದಿದೆ.

ಕನ್ನಡದ ಮುಡಿಗಳಿಗೆ ಬರೋಣ. ಡೆಬಿಯನ್ನಿನಲ್ಲಿ ಕನ್ನಡ ಫಾಂಟುಗಳ ಒಂದು ಕಟ್ಟು ಇದೆ. ಡೆಬಿಯನ್ನಿಗೆ ಬಂದ ಕನ್ನಡ ಫಾಂಟುಗಳ ಹೆಸರುಗಳನ್ನು ಕೇಳಿ: ಕೇದಗೆ, ಮಲ್ಲಿಗೆ, ಗುಬ್ಬಿ, ನವಿಲು, ಲೋಹಿತ್. ಕೇದಗೆ ನಮ್ಮ ಹೊಳೆದಂಡೆಯ ಹೂವು, ನಾಗರಪಂಚಮಿಗೆ ಬೇಕೇ ಬೇಕು. ಮಲ್ಲಿಗೆಯನ್ನು ಉಡುಪಿ ಜಿಲ್ಲೆಯವರಿಗೆ ಪರಿಚಯಿಸಬೇಕಾಗಿಲ್ಲ. ಈ ಎರಡು ಫಾಂಟುಗಳು ಈ ಶತಮಾನದ ಆರಂಭದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡು ಮುಕ್ತ ಪರವಾನಗಿಯಲ್ಲಿ ಹೊರಬಂದವು. ಲೋಹಿತ್ ಎಂದರೆ ಕೆಂಪು. 'ರೆಡ್ ಹ್ಯಾಟ್' ಎಂಬ ಲಿನಕ್ಸ್ ಕಂಪನಿ ಭಾರತದ ಹಲವು ಲಿಪಿಗಳಿಗೆ ಬಿಡುಗಡೆ ಮಾಡಿದ ಫಾಂಟುಗಳಲ್ಲಿ ಕನ್ನಡದ್ದೂ ಒಂದು. ಗುಬ್ಬಿ ಮತ್ತು ನವಿಲು ಅರವಿಂದ ವಿ.ಕೆ. ಅವರ ಕೆಲಸ. ಗುಬ್ಬಿಯಲ್ಲಿ ಒತ್ತಕ್ಷರಗಳು ಒಡೆಯದಂತೆ ನೋಡಿಕೊಂಡಿದ್ದಾರೆ. ನವಿಲು ಕೈಬರಹದ ಹಾಗೆ ಬಳುಕುತ್ತದೆ. ಇವನ್ನು ಡೆಬಿಯನ್ನಿಗಾಗಿ ಕಟ್ಟಿದವರಲ್ಲಿ ವಾಸುದೇವ ಕಾಮತರ ಹೆಸರು ದಿನಚರಿಯಲ್ಲಿ ಕಾಣುತ್ತದೆ. ಡೆಬಿಯನ್ನಿಗೆ ಬಂದದ್ದು ಅಲ್ಲಿಂದ ಉಬುಂಟುವಿಗೂ ಹರಿಯುತ್ತದೆ. ನಾವು ತರಬೇತಿಯಲ್ಲಿ ಕೂತು "ನೋಡಿ, ಕನ್ನಡ ಬಂತು!" ಎಂದು ಖುಷಿಪಟ್ಟಾಗ ಅದು ಹೀಗೆ ಹರಿದು ಬಂದದ್ದೆಂದು ನಮಗೆ ತಿಳಿದಿರಲಿಲ್ಲ.

ಕೀಲಿಮಣೆಯದೂ ಹೀಗೆಯೇ. ಲಿನಕ್ಸಿನಲ್ಲಿ ನೂರಾರು ಭಾಷೆಗಳನ್ನು ಬರೆಯಲು ನೆರವಾಗುವ ಒಂದು ಪೊಟ್ಟಣವನ್ನು ಮೊದಲು ಸಿದ್ಧಪಡಿಸಿದ್ದು ಜಪಾನಿನ ಒಂದು ಸರಕಾರಿ ಸಂಶೋಧನಾ ಸಂಸ್ಥೆ. ಅದರೊಳಗೆ ಕೆ.ಪಿ. ರಾವ್ ವಿನ್ಯಾಸದ ಕನ್ನಡ ಕೀಲಿಮಣೆಯೂ ಇದೆ. ಕಿನ್ನಿಕಂಬಳದವರ ಅಕ್ಕಿ ಜಪಾನಿನವರ ಹುಲ್ಲಿನಲ್ಲಿ ಸುತ್ತಿಸಿಕೊಂಡು ಕುಂದಾಪುರಕ್ಕೆ ಬಂತು. ಅವರು ತಮ್ಮ ವಿನ್ಯಾಸಕ್ಕೆ ಬೀಗ ಹಾಕಿದ್ದರೆ ಇದು ಆಗುತ್ತಿತ್ತೇ?

ಬೀಗ ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಮನೆಯದೇ ಒಂದು ನಿದರ್ಶನ ಉಂಟು. ನಮ್ಮತ್ತೆಗೆ ಓದುಬರಹ ಬರುತ್ತಿರಲಿಲ್ಲ. ಆದರೆ ಶೋಭಾನೆ ಹಾಡುಗಳು ನಲವತ್ತಕ್ಕೂ ಹೆಚ್ಚು ಬಾಯಲ್ಲಿದ್ದವು. ಮದುವೆಯಲ್ಲಿ ಎಣ್ಣೆ ಅರಸಿನ ಹಚ್ಚುವಾಗ ಒಂದು, ಹೆಣ್ಣು ಒಪ್ಪಿಸುವಾಗ ಒಂದು. ಮಳೆಗಾಲದ ಸಂಜೆಗಳಲ್ಲಿ ಅವರು ಹೇಳುತ್ತಾ ಹೋದರು, ನಾನು ಬರೆದುಕೊಂಡೆ. 2001ರಲ್ಲಿ ಪೇಟೆಯ ಒಂದು ಡಿ.ಟಿ.ಪಿ. ಅಂಗಡಿಯಲ್ಲಿ ಅದನ್ನು ಟೈಪು ಮಾಡಿಸಿ, ಇಪ್ಪತ್ತು ಪ್ರತಿ ತೆಗೆಸಿ ನೆಂಟರಿಗೆ ಹಂಚಿದೆವು. ಫ್ಲಾಪಿಯೂ ಸಿಕ್ಕಿತು. ಪ್ರತಿಗಳು ಒಂದೊಂದು ಮನೆಯಲ್ಲಿ ಒಂದೊಂದು ರೀತಿ ಕಳೆದುಹೋದವು. ನನ್ನ ನೋಟುಬುಕ್ಕನ್ನು ಗೆದ್ದಲು ತಿಂದಿತು. 2006ರಲ್ಲ್ಲಿ ಅತ್ತೆ ತೀರಿಕೊಂಡರು.

ಕೆಲವು ವರ್ಷಗಳ ಹಿಂದೆ ನಾದಿನಿಯ ಮಗಳ ಮದುವೆ ಗೊತ್ತಾಯಿತು. "ಅಜ್ಜಿಯ ಹಾಡು ಬೇಕು" ಎಂದು ಅವಳು ಹಟ ಹಿಡಿದಳು. ಫ್ಲಾಪಿಯಿಂದ ಸಿ.ಡಿ.ಗೆ, ಸಿ.ಡಿ.ಯಿಂದ ಪೆನ್‌ಡ್ರೈವಿಗೆ ದಾಟಿಸಿಟ್ಟಿದ್ದ ಆ ಕಡತ ಹಾಗೇ ಇತ್ತು. ತೆರೆದರೆ ಕನ್ನಡವೇ ಇಲ್ಲ. ಪರದೆಯ ತುಂಬ ಇಂಗ್ಲಿಷ್ ಅಕ್ಷರಗಳು, ಅವುಗಳ ತಲೆಯ ಮೇಲೆ ಚುಕ್ಕಿ, ಗೀಟು, ಟೊಪ್ಪಿ. ಅಂಗಡಿಯವರು ಬಳಸಿದ್ದ ಹಳೆಯ ಫಾಂಟು ಈಗ ಅಂಗಡಿಯವರ ಬಳಿಯೂ ಇರಲಿಲ್ಲ. ಅಂಕಿಗಳೆಲ್ಲ ಸರಿಯಾಗಿಯೇ ಇದ್ದವು, ಅವುಗಳಿಗೆ ರೂಪ ಕೊಡುವವರು ಇರಲಿಲ್ಲ. ಅತ್ತೆಯ ಧ್ವನಿ ಎದುರಿಗೇ ಇದ್ದು ಕೇಳಿಸದಂತಾಗಿತ್ತು. ಆ ರಾತ್ರಿ ನಾನು ಬಹಳ ಹೊತ್ತು ಆ ಪುಟವನ್ನೇ ನೋಡುತ್ತಾ ಕೂತಿದ್ದೆ.

ದಾರಿ ತೋರಿಸಿದವನು ಮತ್ತೆ ಅಕ್ಕನ ಮಗನೇ. ಹಳೆಯ ಬಾಡಿಗೆಮನೆಯ ಕನ್ನಡವನ್ನು ಯೂನಿಕೋಡಿನ ಸ್ವಂತ ಮನೆಗೆ ಸಾಗಿಸುವ ಮುಕ್ತ ಪರಿವರ್ತಕ ಒಂದಿದೆ. ಅದನ್ನು ಬರೆದವರೂ ಗುಬ್ಬಿ ಮಾಡಿದ ಅದೇ ಅರವಿಂದರು. ಹಳೆಯ ಕಡತವನ್ನು ಅದಕ್ಕೆ ಕೊಟ್ಟಾಗ ಸಾಲು ಸಾಲಾಗಿ ಕನ್ನಡ ಹೊರಬಂತು. ಅಲ್ಲಲ್ಲಿ ಒತ್ತಕ್ಷರ ಜಾರಿತ್ತು, ಒಂದೆರಡು ಕಡೆ ಪದವೇ ಕಲಸಿಹೋಗಿತ್ತು. ನಾನೂ ನಾದಿನಿಯೂ ಕೂತು ರಾಗ ಹಾಕಿ ಹಾಕಿ ನೆನಪಿನಿಂದ ತಿದ್ದಿದೆವು. ಆ ಮದುವೆಯಲ್ಲಿ ಹುಡುಗಿಯರು ಮೊಬೈಲು ನೋಡಿಕೊಂಡು ಅತ್ತೆಯ ಹಾಡು ಹಾಡಿದರು. ಈಗ ಆಸಾಡಿ ಅಮಾವಾಸ್ಯೆಯ ದಿನ ವಿಶ್ವ ಕುಂದಾಪ್ರ ಕನ್ನಡ ದಿನ ಮಾಡುತ್ತಾರೆ. ಆಗಲೂ ಒಂದೆರಡನ್ನು ಕೇಳಿ ಪಡೆಯುವವರಿದ್ದಾರೆ.

ಶಾಲೆಗಳಿಗೆ ಇದರಿಂದ ಏನು ಲಾಭ ಎಂದು ಕೇಳಿದರೆ ಪಕ್ಕದ ಕೇರಳವನ್ನು ನೋಡಬಹುದು. ಅಲ್ಲಿಯ ಸರಕಾರಿ ಶಾಲೆಗಳ ಕಂಪ್ಯೂಟರುಗಳು ಬಹಳ ಹಿಂದೆಯೇ ಲಿನಕ್ಸಿಗೆ ತಿರುಗಿದವು. ಶಾಲೆಗಳಿಗೆಂದೇ ಬೇಕಾದ ಪೊಟ್ಟಣಗಳನ್ನು ಆರಿಸಿ ಕಟ್ಟಿದ ಆವೃತ್ತಿಯನ್ನು ಅಲ್ಲಿಯ 'ಕೈಟ್' ಸಂಸ್ಥೆ ಕೊಡುತ್ತದೆ. 2019ರಲ್ಲಿ ಎರಡು ಲಕ್ಷ ಕಂಪ್ಯೂಟರುಗಳಿಗೆ ಅದನ್ನು ಹಾಕುವುದರಿಂದ ಪರವಾನಗಿಯ ಖರ್ಚು 3,000 ಕೋಟಿ ರೂಪಾಯಿ ಉಳಿಯುತ್ತದೆ ಎಂದು ಲೆಕ್ಕ ಹೇಳಿತ್ತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕಂಪ್ಯೂಟರ್ ಪಾಠವನ್ನು ಕನ್ನಡದ ಪುಸ್ತಕದಲ್ಲೇ ಓದುತ್ತಾರೆ. ಗಡಿಯಾಚೆಯ ಆ ಮಕ್ಕಳಿಗೆ ಪರದೆಯ ಮೇಲೆ ಕನ್ನಡ ಒಡೆಯದೆ ಕಾಣುವುದು ಎಷ್ಟು ಮುಖ್ಯ ಎಂದು ನಾನು ಬೇರೆ ಹೇಳಬೇಕಾಗಿಲ್ಲ.

ಕಟ್ಟುವವರಲ್ಲಿ ಹೆಂಗಸರು ಎಷ್ಟು ಮಂದಿ? ಬಹಳ ಕಡಮೆ. ಈ ಕೊರತೆ ಅವರಿಗೂ ಗೊತ್ತಿದೆ. 2004ರಲ್ಲಿ 'ಡೆಬಿಯನ್ ವುಮೆನ್' ಎಂಬ ಬಳಗ ಕಟ್ಟಿಕೊಂಡು ಹೊಸಬರಿಗೆ ಪೊಟ್ಟಣ ಕಟ್ಟಲು ಕಲಿಸತೊಡಗಿದರು. ನಮ್ಮ ಕಡೆ ಇವತ್ತು ಎಂಜಿನಿಯರಿಂಗ್ ಓದುವ ಹೆಣ್ಣುಮಕ್ಕಳಿಗೇನು ಕೊರತೆಯೇ? ಮನೆಗೊಬ್ಬಳು ಇದ್ದಾಳೆ. ಅಕ್ಕಿ ಗೇರಿ ಕಲ್ಲು ಆರಿಸುವ ಸೂಕ್ಷ್ಮ ಅವರ ಅಜ್ಜಿಯರ ಕೈಯಲ್ಲಿ ಇದ್ದದ್ದೇ. ಮುಡಿ ಕಟ್ಟುವುದು ಮಾತ್ರ ಗಂಡಸರದೆಂದು ಇಲ್ಲಿ ಯಾರೂ ಗೆರೆ ಹಾಕಿಲ್ಲ.

ಡೆಬಿಯನ್ನಿನಲ್ಲಿ ಇನ್ನೊಂದು ಪಟ್ಟಿ ಇದೆ. ಒಂದು ಪೊಟ್ಟಣವನ್ನು ನೋಡಿಕೊಳ್ಳುತ್ತಿದ್ದವರು ಬೇರೆ ಕೆಲಸಕ್ಕೆ ಹೋದರೆ, ಸಂಸಾರದಲ್ಲಿ ಮುಳುಗಿದರೆ, ತೀರಿಕೊಂಡರೆ ಆ ಪೊಟ್ಟಣವನ್ನು 'ಅನಾಥ' ಎಂದು ಅದರಲ್ಲಿ ಬರೆಯುತ್ತಾರೆ. ಯಾರಾದರೂ ದತ್ತು ತೆಗೆದುಕೊಳ್ಳಲಿ ಎಂದು ಕಾಯುತ್ತಾರೆ. ಯಾರೂ ಬರದೆ ಕೆಟ್ಟರೆ ಒಂದು ದಿನ ಕಣಜದಿಂದ ತೆಗೆದುಹಾಕುತ್ತಾರೆ. ಇಂಗ್ಲಿಷಿನ ದೊಡ್ಡ ಪೊಟ್ಟಣಗಳಿಗೆ ದತ್ತು ತೆಗೆದುಕೊಳ್ಳುವವರು ಸಿಗುತ್ತಾರೆ. ಕನ್ನಡದ ಒಂದು ಫಾಂಟು ಅನಾಥವಾದರೆ ಫಿನ್ಲೆಂಡಿನವರೋ ಜಪಾನಿನವರೋ ಬರಬೇಕೆಂದು ಕಾಯುವುದು ನ್ಯಾಯವೇ? 'ಸ್ತ್ರೀ' ಒಡೆದಿದೆಯೋ ಸರಿಯಿದೆಯೋ ಎಂದು ಕಣ್ಣಿನಿಂದಲೇ ಹೇಳಬಲ್ಲವರು ನಾವಲ್ಲವೇ? ಕಟ್ಟಲು ಬರದವರೂ ತಪ್ಪು ಕಂಡದ್ದನ್ನು ಬರೆದು ತಿಳಿಸಬಹುದು. ಅದಕ್ಕೂ ಅಲ್ಲಿ ಜಾಗ ಉಂಟು, ಬೆಲೆಯೂ ಉಂಟು.

ಆ ಒಂಬತ್ತನೇ ತರಗತಿಯ ಹುಡುಗಿಗೆ ನಾನು ಇದನ್ನೆಲ್ಲ ಒಂದೇ ದಿನದಲ್ಲಿ ಹೇಳಲಿಲ್ಲ, ಸ್ವಲ್ಪ ಸ್ವಲ್ಪವಾಗಿ ಹೇಳಿದೆ. ಒಮ್ಮೆ ಗುಬ್ಬಿ ಫಾಂಟಿನ ಪೊಟ್ಟಣದೊಳಗಿನ ದಿನಚರಿಯನ್ನು ಶಾಲೆಯ ಕಂಪ್ಯೂಟರಿನಲ್ಲಿ ತೆರೆದು ತೋರಿಸಿದೆ. ಒಂದೊಂದು ತಿದ್ದುಪಡಿಯ ಕೆಳಗೆ ಒಂದು ಹೆಸರು, ಒಂದು ತಾರೀಕು. ಅವಳು ಬೆರಳಿಟ್ಟು ಓದುತ್ತಾ ಹೋಗಿ, "ಮೇಲೆ ಹೊಸ ಸಾಲನ್ನು ಯಾರು ಬರೆಯುವುದು ಟೀಚರ್?" ಎಂದು ಕೇಳಿದಳು. ಕಲಿತರೆ ನೀನೇ ಬರೆಯಬಹುದು ಎಂದೆ. ಅವಳು ಈಗ ಪಿ.ಯು.ಸಿ.ಯಲ್ಲಿ ಕಂಪ್ಯೂಟರ್ ವಿಜ್ಞಾನ ಓದುತ್ತಿದ್ದಾಳೆ.